ಮೇಲಿನ ಬೋರ್ಡನ್ನು ಯಾರೂ ಓದಲಿಲ್ಲ, ಆಪಾ

ಆಪಾ,

ಚೆನ್ನಾಗಿದ್ದೀಯಾ ಅಂತ ಕೇಳುವ ಹಾಗಿಲ್ಲ. ಹಾಗಾಗಿ ಬೈಗುಳದಿಂದಲೇ ಶುರು ಮಾಡುತ್ತೇನೆ. ಆಫೀಸಿನಲ್ಲಿ ನಾನು ಬರೆದ ಕಂಪ್ಯೂಟರ್ ಕೋಡಿನಲ್ಲಿ ಒಂದು ಸಣ್ಣ ತಪ್ಪು ಕಂಡರೆ ಇಡೀ ವಿನೋಬನಗರಕ್ಕೆ ಕೇಳುವ ಹಾಗೆ ಕೂಗಾಡುತ್ತಿದ್ದವಳು, ನಿನ್ನ ತಲೆ ಮೇಲೆ ಬಂದಾಗ ಯಾಕೆ ಬಾಯಿಗೆ ಬೀಗ ಹಾಕಿಕೊಂಡು ಕೂತೆ ಮಾರಾಯ್ತಿ? ಒಂದು ಫೋನ್. ಒಂದೇ ಒಂದು ಫೋನ್ ಮಾಡಿದ್ದರೆ ನಾನು ಮಗುವನ್ನು ಕಂಕುಳಲ್ಲಿ ಎತ್ತಿಕೊಂಡೇ ಓಡಿ ಬಂದು... ಬಿಡು. ಆ ವಾಕ್ಯ ಮುಗಿಸಿ ಈಗ ಯಾರಿಗೆ ಏನಾಗಬೇಕು?

ಭದ್ರಾವತಿಯ ಮನೆಯಿಂದ ನಿನ್ನನ್ನು ಹೊತ್ತುಕೊಂಡು ಹೋದ ದಿನ ನಾನು ಹೆಂಗಸರ ಜೊತೆ ಒಳಗಿನ ಕೋಣೆಯಲ್ಲಿ ಕೂತಿದ್ದೆ. ಗಂಡಸರು ಕಬರಸ್ತಾನದಿಂದ ವಾಪಸು ಬಂದರು. ನಿಮ್ಮ ಅಬ್ಬಾ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಸಿದು ಕೂತು ನನ್ನನ್ನು ಹತ್ತಿರ ಕರೆದರು. ಜೀವಮಾನವೆಲ್ಲ ಲಾರಿ ಇಂಜಿನ್ನುಗಳ ಸದ್ದಿನ ಮೇಲೆ ಮಾತಾಡಿ ಮಾತಾಡಿ ಗಡುಸಾದ ದನಿ ಅವರದು. ಅವತ್ತು ಅದು ಗಂಟಲಿನಿಂದ ಏಳುತ್ತಲೇ ಇರಲಿಲ್ಲ. ‘ಮಂಜುಳಾ, ನೀನು ಅವಳ ಆಫೀಸಿನವಳಲ್ವಾ ಬೇಟಾ? ಒಂದ್ ಮಾತು ನಿಜ ಹೇಳು. ನನ್ ಮಗಳ ಕೆಲಸದಲ್ಲಿ ಏನ್ ತಪ್ಪಾಗಿತ್ತು?’ ಅಂದರು.

ನನಗೆ ತಲೆಬುಡ ಅರ್ಥವಾಗಲಿಲ್ಲ. ‘ಯಾವ ತಪ್ಪು ಅಬ್ಬಾ?’ ಅಂದೆ. ‘ತಪ್ಪು ಸಿಕ್ತು ಅಂತ ತಾನೇ ಕೆಲಸದಿಂದ ತೆಗೆದಿದ್ದು? ಲ್ಯಾಪ್‌ಟಾಪ್ ವಾಪಸ್ ಕೊಡಿ ಅಂತ ಫೋನ್ ಮಾಡಿದ ಹುಡುಗ ನನಗೇ ಹೇಳಿದ’ ಅಂದರು. ನೀನು ನನಗೆ ಹೇಳಿದ್ದು ಬೇರೆಯೇ ಆಗಿತ್ತಲ್ಲ. ದಿನಾ ಬಸ್ಸಲ್ಲಿ ಶಿವಮೊಗ್ಗಕ್ಕೆ ಓಡಾಡಿ ಸೊಂಟ ಹೋಯ್ತು, ಅದಕ್ಕೇ ಬಿಟ್ಟೆ ಅಂತ. ನೀನು ಹೋದದ್ದಕ್ಕೆ ಹೃದಯದ ತೊಂದರೆ ಕಾರಣ ಅಂತ ಡಾಕ್ಟರು ಅಂದರಂತೆ. ನಾನು ಡಾಕ್ಟರಲ್ಲ, ಅದರ ಬಗ್ಗೆ ನಾನು ಏನೂ ಹೇಳುವುದಿಲ್ಲ. ಆದರೆ ಮಗಳನ್ನು ಮಣ್ಣು ಮಾಡಿ ಬಂದ ದಿನ ಒಬ್ಬ ತಂದೆಯ ಬಾಯಲ್ಲಿ ಬರಬೇಕಾದ ಪ್ರಶ್ನೆಯಾ ಅದು? ‘ವಿಚಾರಿಸಿ ಬಂದು ಹೇಳ್ತೀನಿ’ ಅಂತ ಮಾತು ಕೊಟ್ಟು ಎದ್ದೆ. ಬಸ್ಸಿನಲ್ಲಿ ಕೂತ ಮೇಲೆ ಅಳು ಬರಲಿಲ್ಲ, ಸಿಟ್ಟು ಬಂತು.

ನಾನು ಕೆಲಸಕ್ಕೆ ಸೇರಿದ ಮೊದಲ ವಾರ ನಿನಗೆ ನೆನಪಿರಬೇಕು. ಕುಂಸಿ ಕಡೆಯ ಭತ್ತ ಬೆಳೆಯುವ ಮನೆಯ ಹುಡುಗಿ, ಡಿಪ್ಲೊಮಾ ಮುಗಿಸಿ ಬಂದಿದ್ದೆ. ಇಂಟರ್‌ಫೇಸ್ ಅಂದರೇನು ಅಂತ ನೀನು ಕೇಳಿದೆ. ನಾನು ಪುಸ್ತಕದ ಸಾಲುಗಳನ್ನು ಗಿಣಿಯ ಹಾಗೆ ಒಪ್ಪಿಸಿದೆ. ನೀನು ನನ್ನ ರಟ್ಟೆ ಹಿಡಿದು ಕಿಟಕಿಯ ಹತ್ತಿರ ಎಳೆದುಕೊಂಡು ಹೋಗಿ ಎದುರಿನ ಹೋಟೆಲ್ ತೋರಿಸಿದೆ.

‘ಆ ಕರಿ ಹಲಗೆ ಮೇಲೆ ಏನ್ ಬರೆದಿದೆ ಓದು.’

‘ಇಡ್ಲಿ, ವಡೆ, ಅವಲಕ್ಕಿ.’

‘ಒಳಗೆ ಒಲೆ ಯಾರು ಹಚ್ತಾರೆ, ಹಿಟ್ಟು ಯಾರು ರುಬ್ತಾರೆ ಗೊತ್ತಾ ನಿನಗೆ?’

‘ಇಲ್ಲ.’

‘ಆದ್ರೂ ವಡೆ ಕೇಳಿದ್ರೆ ವಡೆ ಕೊಡ್ಲೇಬೇಕು ತಾನೇ? ಅಷ್ಟೇ ಕಣೇ ಇಂಟರ್‌ಫೇಸು. ಇಲ್ಲಿ ಏನೇನ್ ಸಿಗುತ್ತೆ ಅಂತ ಹೇಳೋ ಬೋರ್ಡು. ಬರೆದ ಮೇಲೆ ಕೊಡ್ಲೇಬೇಕು, ಇಲ್ಲಾಂದ್ರೆ ಪ್ರೋಗ್ರಾಂ ಕಂಪೈಲೇ ಆಗಲ್ಲ, ಮಷೀನು ಅದನ್ನ ಒಪ್ಪೋದೇ ಇಲ್ಲ. ಈಗ ಬಾಗಿಲ ಮೇಲಿನ ದೊಡ್ಡ ಬೋರ್ಡು ಓದು.’

‘ಕಾಫಿ, ಟೀ, ಹಾಲು.’

‘ಕರಿ ಹಲಗೇಲಿ ಕಾಫಿ ಇಲ್ಲ. ಹಂಗಂತ ಕಾಫಿ ಸಿಗಲ್ವಾ? ಮೇಲಿನ ಬೋರ್ಡಲ್ಲಿ ಇದ್ದಿದ್ದೆಲ್ಲ ಕೆಳಗೂ ಸಿಗುತ್ತೆ. ಮತ್ತೆ ಬರೆಯೋದು ದಂಡ. ಅದಕ್ಕೇ ಇನ್ಹೆರಿಟೆನ್ಸ್ ಅನ್ನೋದು. ಈಗ ಹೋಗಿ ಎರಡು ಕಾಫಿ ಹೇಳ್ಬಾ.’

ಹಾಗೆ ಕಲಿಸುವ ಆಪಾ, ಹಾಗೆ ಕಲಿಸುವ ಅಕ್ಕ ನನಗೆ ಆಮೇಲೆ ಯಾರೂ ಸಿಗಲಿಲ್ಲ.

ನಮ್ಮ ಆಫೀಸಿನಲ್ಲಿ ಮಾಡುತ್ತಿದ್ದುದು ಲ್ಯಾಬುಗಳಿಗೆ ಬೇಕಾದ ಸಾಫ್ಟ್‌ವೇರ್. ರಕ್ತ, ಮೂತ್ರ, ಸಕ್ಕರೆ, ಥೈರಾಯ್ಡ್, ಒಂದೊಂದು ಪರೀಕ್ಷೆಗೆ ಪ್ರೋಗ್ರಾಮಿನ ಒಂದೊಂದು ತುಂಡು, ಅಂದರೆ ಮಾಡ್ಯೂಲು, ಅದಕ್ಕೊಂದು ಇಂಟರ್‌ಫೇಸು. ಯಾವ ಪರೀಕ್ಷೆಯೇ ಆಗಲಿ, ರಿಪೋರ್ಟಿನಲ್ಲಿ ಅಪಾಯದ ಮಟ್ಟ ಕಂಡರೆ ಆ ಕ್ಷಣವೇ ಡಾಕ್ಟರ ಮೊಬೈಲಿಗೆ ಎಚ್ಚರಿಕೆ ಹೋಗಬೇಕು. ನೀನು ಆ ಎಚ್ಚರಿಕೆಯನ್ನು ಎಲ್ಲಕ್ಕೂ ಮೇಲಿನ ಒಂದು ಇಂಟರ್‌ಫೇಸಿನಲ್ಲಿ ಒಂದೇ ಸಲ ಬರೆದೆ. ನಿನ್ನ ಮಾಡ್ಯೂಲುಗಳೆಲ್ಲ ಅದರಿಂದ ಪಡೆದುಕೊಳ್ಳುತ್ತಿದ್ದವು. ಉಳಿದವರು ಅಷ್ಟೆಲ್ಲ ಯೋಚನೆ ಮಾಡುವವರಾ? ಪ್ರತಿಯೊಂದರಲ್ಲೂ ಅದನ್ನೇ ಕಾಪಿ ಮಾಡಿ ಅಂಟಿಸಿದರು. ‘ನಕ್ಕೋ, ನಕ್ಕೋ, ಹಂಗ್ ಮಾಡ್ಬೇಡ್ರೋ’ ಅಂತ ಎಷ್ಟು ಬಡಿದುಕೊಂಡೆ ನೀನು. ‘ನಾಳೆ ಒಂದ್ ಕಡೆ ಬದಲಾಯಿಸ್ತೀರಿ, ಇನ್ನೊಂದ್ ಕಡೆ ಮರೀತೀರಿ. ಡಾಕ್ಟರಿಗೆ ಮೆಸೇಜ್ ಹೋಗಲ್ಲ. ಅಲ್ಲಿ ಮಲಗಿರೋದು ಯಾರದ್ದೋ ತಾಯಿ ಆಗಿರುತ್ತೆ.’ ಅವರು ತಲೆ ಆಡಿಸಿದರು, ಮತ್ತೆ ಅಂಟಿಸಿದರು.

ಸಕ್ರೆಬೈಲಿನ ಆನೆ ಬಿಡಾರಕ್ಕೆ ಆಫೀಸಿನವರೆಲ್ಲ ಹೋಗಿದ್ದೆವಲ್ಲ, ಆ ದಿನ ನೆನಪಾದರೆ ಈಗಲೂ ನಗು ಬರುತ್ತದೆ, ಬಂದ ಮೇಲೆ ಮೈ ಉರಿಯುತ್ತದೆ. ಮರಿಯಾನೆ ನಿನ್ನ ದುಪಟ್ಟಾ ಎಳೆಯಿತು. ನೀನು ‘ಯಾ ಅಲ್ಲಾ’ ಅಂತ ಕಿರುಚಿ ನನ್ನ ಬೆನ್ನ ಹಿಂದೆ ಅಡಗಿದೆ. ಮಾವುತ ಬಿದ್ದು ಬಿದ್ದು ನಕ್ಕ. ಊಟದ ಹೊತ್ತಿಗೆ ನಮ್ಮ ಓನರ್ ಸತೀಶ್ ಸರ್ ಎದ್ದು ನಿಂತು ಭಾಷಣ ಶುರು ಮಾಡಿದರು. ‘ಇದು ಕಂಪನಿ ಅಲ್ಲ, ನಾವೆಲ್ಲ ಒಂದೇ ಫ್ಯಾಮಿಲಿ. ಶಾಹೀನಾ ಅಂತೂ ಈ ಫ್ಯಾಮಿಲಿಯ ಬೆನ್ನೆಲುಬು’ ಅಂದರು. ನೀನು ತಟ್ಟೆಯ ಕಡೆ ನೋಡುತ್ತಾ ನಾಚಿಕೊಂಡೆ. ಅವರ ಪಕ್ಕದಲ್ಲಿ ಹೊಸದಾಗಿ ಬಂದಿದ್ದ ಬಾಮೈದ ಚೇತನ್ ಕೂತಿದ್ದ. ಫ್ಯಾಮಿಲಿ ಅಂದರೆ ಅಷ್ಟೇ ಅಂತ ನಮಗೆ ಆಮೇಲೆ ಗೊತ್ತಾಯಿತು.

ಬಾಣಂತನಕ್ಕೆ ತವರಿಗೆ ಹೋಗುವಾಗ ನೀನೇ ನನ್ನನ್ನು ಬಸ್ ಹತ್ತಿಸಿದ್ದೆ. ವಾಪಸು ಬಂದಾಗ ಕಿಟಕಿ ಪಕ್ಕದ ನಿನ್ನ ಜಾಗದಲ್ಲಿ ಚೇತನ್ ಕೂತಿದ್ದ. ‘ಶಾಹೀನಾ ಮೇಡಂ ಅವರಾಗೇ ಬಿಟ್ರು’ ಅಂತ ಎಲ್ಲರದ್ದೂ ಒಂದೇ ರಾಗ. ಮಗುವನ್ನು ಕರೆದುಕೊಂಡು ಭದ್ರಾವತಿಗೆ ಬಂದೆ. ನೀನು ಹಾಲು ಶಾವಿಗೆಯ ಸುರಕುಂಬಾ ಮಾಡಿ ಕೊಟ್ಟೆ. ಮಗುವಿನ ಕಾಲಿಗೆ ಬೆಳ್ಳಿ ಗೆಜ್ಜೆ ಹಾಕಿದೆ. ಮನೆಯಲ್ಲೇ ಹೈಸ್ಕೂಲು ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ, ಆರಾಮಾಗಿದ್ದೇನೆ ಅಂದೆ. ‘ಸುಮ್ನೆ ಅಲ್ಲಿಂದ ಇಲ್ಲಿಗೆ ಬಸ್ಸಲ್ಲಿ ಸಾಯ್ಲಾ ಮಂಜಿ?’ ಅಂತ ನಕ್ಕೆ. ನಾನು ನಂಬಿದೆ. ಅಷ್ಟು ಸಲೀಸಾಗಿ ಸುಳ್ಳು ಹೇಳುವುದನ್ನು ಯಾವಾಗ ಕಲಿತೆ ನೀನು? ಕೋಡಿನ ಪಕ್ಕ ಬರೆಯುವ ಕಾಮೆಂಟು, ಟಿಪ್ಪಣಿ ಕೂಡ ಸುಳ್ಳು ಇರಬಾರದು ಅನ್ನುತ್ತಿದ್ದವಳು!

ಅಬ್ಬಾಗೆ ಮಾತು ಕೊಟ್ಟು ಬಂದ ಮರುದಿನವೇ ಫ್ರಂಟ್ ಡೆಸ್ಕಿನ ರೂಪಾಳನ್ನು ಆಲ್ಕೊಳ ಸರ್ಕಲ್ಲಿನ ಬೇಕರಿಗೆ ಕರೆದುಕೊಂಡು ಹೋದೆ. ‘ನನ್ ಹೆಸರು ಎಲ್ಲೂ ಬರಬಾರದು ಅಕ್ಕಾ’ ಅಂತ ಆಣೆ ಹಾಕಿಸಿಕೊಂಡಳು. ಆಮೇಲೆ ಒಂದೊಂದಾಗಿ ಹೇಳಿದಳು. ನೋಡು, ಅವಳ ಹೆಸರು ಬರೆದೇಬಿಟ್ಟೆ. ನಿನ್ನ ಹತ್ತಿರ ಹೇಳಿದರೆ ಅವಳಿಗೇನು ಕಷ್ಟ?

ಒಂದು ದೊಡ್ಡ ಆಸ್ಪತ್ರೆಯವರು ನಮ್ಮ ಸಾಫ್ಟ್‌ವೇರ್ ಕೊಳ್ಳುವ ಮೊದಲು, ಎಲ್ಲ ಮಾಡ್ಯೂಲಿನಲ್ಲೂ ಆ ಎಚ್ಚರಿಕೆ ಇದೆಯಾ ತೋರಿಸಿ ಅಂದರಂತೆ. ಚೇತನ್ ಅದಕ್ಕಾಗಿ ಒಂದು ಟೂಲ್, ತಪಾಸಣೆ ಮಾಡುವ ಪ್ರೋಗ್ರಾಂ, ಬರೆದ. ರಿಫ್ಲೆಕ್ಷನ್ ಬಳಸಿ. ಅಂದರೆ ಪ್ರೋಗ್ರಾಮನ್ನೇ ಹಿಡಿದು ನಿಲ್ಲಿಸಿ ‘ನಿನ್ನ ಬೋರ್ಡಿನಲ್ಲಿ ಏನೇನಿದೆ ಹೇಳು’ ಅಂತ ಕೇಳುವ ವಿದ್ಯೆ. ಒಳ್ಳೆಯ ವಿದ್ಯೆಯೇ, ನೀನೇ ನನಗೆ ಹೇಳಿಕೊಟ್ಟಿದ್ದೆ. ಇದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಮೀಟಿಂಗ್ ರೂಮಿನ ಟೀವಿಯಲ್ಲಿ ಎಲ್ಲರ ಎದುರು ಓಡಿಸಿ ತೋರಿಸಿದನಂತೆ. ಕಾಪಿ ಮಾಡಿ ಅಂಟಿಸಿದವರದ್ದೆಲ್ಲ ಹಸಿರು. ನಿನ್ನದು ಮಾತ್ರ ಮೇಲಿನಿಂದ ಕೆಳಗಿನವರೆಗೆ ಕೆಂಪು.

‘ಇಷ್ಟು ವರ್ಷ ಏನ್ ಮಾಡ್ತಿದ್ರಿ ಮೇಡಂ?’ ಅಂತ ಸತೀಶ್ ಸರ್ ಕೇಳಿದರಂತೆ. ನೀನು ಎದ್ದು ಟೀವಿಯ ಹತ್ತಿರ ಹೋಗಿ, ‘ಇದೆ ಸರ್, ಮೇಲಿನ ಇಂಟರ್‌ಫೇಸಲ್ಲಿದೆ. ಟೂಲ್ ಅದನ್ನ ಕೇಳ್ತಾ ಇಲ್ಲ. ಅದನ್ನೂ ಕೇಳೋಕೆ ಹೇಳಿ’ ಅಂದೆಯಂತೆ. ಚೇತನ್, ‘ನಾನು ಟೆಸ್ಟ್ ಮಾಡಿದ್ದೀನಿ ಭಾವ, ಮೇಲಿಂದ ಬಂದಿದ್ದೂ ಇದರಲ್ಲಿ ಸಿಗುತ್ತೆ’ ಅಂದ. ‘ಕಂಪ್ಯೂಟರ್ ಸುಳ್ಳು ಹೇಳುತ್ತಾ?’ ಅಂದರು ಅವರು. ಕೊನೆಗೆ, ‘ಆಯ್ತು, ವಾದ ಯಾಕೆ? ನಿಮ್ಮವುಗಳಲ್ಲೂ ಒಂದೊಂದು ಸಾಲು ಅಂಟಿಸಿಬಿಡಿ, ಹಸಿರಾಗುತ್ತೆ, ಮುಗೀತು’ ಅಂದರಂತೆ. ನೀನು ಆಗಲ್ಲ ಅಂದೆ. ತಪ್ಪು ಟೂಲಿನದು, ಅದನ್ನು ಸರಿ ಮಾಡಿ, ಸರಿ ಇರುವುದನ್ನು ನಾನು ಕೆಡಿಸಲ್ಲ ಅಂದೆ. ‘ಹಂಗಾದ್ರೆ ನಾಳೆಯಿಂದ ಬರ್ಬೇಡಿ’ ಅಂದರು. ಎಲ್ಲರೂ ಕೂತೇ ಇದ್ದರು. ಒಬ್ಬರೂ, ಆಪಾ, ಒಬ್ಬರೂ ಎದ್ದು ‘ಒಂದ್ ಸಲ ಆ ಟೂಲ್ ಬಿಚ್ಚಿ ನೋಡೋಣ’ ಅನ್ನಲಿಲ್ಲ. ನೀನು ಕಾಫಿ ಕುಡಿಸಿ ಕಲಿಸಿದವರೇ ಎಲ್ಲ.

ಸತೀಶ್ ಸರ್ ಹತ್ತಿರ ನಾನು ಮೊದಲ ಸಲ ಹೋಗಿ ಕೇಳಿದಾಗ ಅವರು ಮೊಬೈಲಿನಿಂದ ಕಣ್ಣು ಎತ್ತಲಿಲ್ಲ. ‘ಹೋದವರ ವಿಷಯ ಈಗ್ಯಾಕಮ್ಮ? ಪಾಪ, ಒಳ್ಳೆ ಹೆಂಗಸು. ಸ್ವಲ್ಪ ಹಠ ಜಾಸ್ತಿ’ ಅಂದರು. ಹಠವಂತೆ! ನನ್ನ ಹತ್ತಿರ ಪುರಾವೆ ಇರಲಿಲ್ಲ. ಟೂಲಿನ ಕೋಡು ಚೇತನ್ ಒಬ್ಬನ ಕೈಯಲ್ಲಿತ್ತು. ಹಲ್ಲು ಕಚ್ಚಿಕೊಂಡು ಹೊರಗೆ ಬಂದೆ.

ಈ ಸಲದ ಬೇಸಿಗೆಯಲ್ಲಿ ನನ್ನ ಮಾಡ್ಯೂಲು ಕೆಂಪಾಯಿತು. ಕಾಮಾಲೆ ಪರೀಕ್ಷೆಗೆ ಅಂತ ಹೊಸದು ಬರೆದಿದ್ದೆ, ನೀನು ಕಲಿಸಿದ ಹಾಗೇ, ಎಚ್ಚರಿಕೆಯನ್ನು ಮೇಲಿನಿಂದ ಪಡೆದು. ಚೇತನ್ ಕುರ್ಚಿ ತಿರುಗಿಸಿ, ‘ಮಂಜುಳಾ ಮೇಡಂ, ನಿಮ್ಮದೂ ಶಾಹೀನಾ ಮೇಡಂ ಥರಾನೇ ಆಯ್ತಲ್ಲ’ ಅಂತ ನಕ್ಕ. ‘ಟೂಲಿನ ಕೋಡ್ ಕೊಡು’ ಅಂದೆ. ‘ಅದು ನೋಡೋ ಅಗತ್ಯ...’ ಅಂದ. ‘ಕೊಡೋ’ ಅಂದೆ. ಬಹುವಚನ ಬಿಟ್ಟುಹೋಗಿತ್ತು. ಅವನು ಬೆಪ್ಪಾಗಿ ಕೊಟ್ಟ.

ತೆರೆದು ನೋಡಿದರೆ ಏನಿದೆ ಅಂತೀಯಾ? ಒಂದೇ ಸಾಲು. ಇಂಟರ್‌ಫೇಸನ್ನು ಹಿಡಿದು ‘ನಿನ್ನ ಮೆಂಬರುಗಳನ್ನು ಕೊಡು’, ಅಂದರೆ ಬೋರ್ಡಿನ ಪಟ್ಟಿ ಕೊಡು, ಅಂತ ಕೇಳಿದ್ದಾನೆ, ಬಂದದ್ದನ್ನು ನೋಡಿದ್ದಾನೆ, ತೀರ್ಪು ಕೊಟ್ಟಿದ್ದಾನೆ. ಕ್ಲಾಸನ್ನು, ಅಂದರೆ ಬೋರ್ಡಿನ ಹಿಂದಿನ ಅಡುಗೆಮನೆಯನ್ನು, ಹಾಗೆ ಕೇಳಿದರೆ ಅದು ಮೇಲಿನ ಕ್ಲಾಸಿನಿಂದ ಬಂದದ್ದನ್ನೂ ಸೇರಿಸಿ ಹೇಳುತ್ತದೆ. ಅವನು ಟೆಸ್ಟ್ ಮಾಡಿದ್ದು ಕ್ಲಾಸಿನ ಮೇಲೆ. ಇಂಟರ್‌ಫೇಸ್ ಹಾಗಲ್ಲ. ಅದು ತನ್ನಲ್ಲೇ ಬರೆದಿರುವುದನ್ನು ಮಾತ್ರ ಹೇಳುತ್ತದೆ. ಮೇಲಿನವುಗಳು ಯಾವುವು ಅಂತ ಬೇರೆಯಾಗಿ ಕೇಳಬೇಕು, ಕೇಳಿ ಒಂದೊಂದರ ಹತ್ತಿರವೂ ಹೋಗಬೇಕು. ಕರಿ ಹಲಗೆ ಓದಿ ಈ ಹೋಟೆಲಲ್ಲಿ ಕಾಫಿ ಇಲ್ಲ ಅಂತ ಬರೆದುಕೊಂಡು ಹೋದ ಹಾಗೆ. ತಲೆ ಎತ್ತಿ ಬಾಗಿಲ ಮೇಲೆ ನೋಡಲಿಲ್ಲ, ಅಷ್ಟೇ. ನೀನು ಅವತ್ತು ಟೀವಿಯ ಹತ್ತಿರ ನಿಂತು ಹೇಳಿದ್ದು ಅಕ್ಷರಕ್ಕೆ ಅಕ್ಷರ ಇದೇ.

ಮೇಲಿನ ಇಂಟರ್‌ಫೇಸುಗಳನ್ನೆಲ್ಲ ಸುತ್ತಿ ಬರುವ ಹಾಗೆ ನಾಲ್ಕು ಸಾಲು ಸೇರಿಸಿದೆ. ಓಡಿಸಿದೆ. ನನ್ನದು ಹಸಿರಾಯಿತು. ಆಮೇಲೆ ಹಳೆಯ ಕೋಡನ್ನು ತೆಗೆದೆ, ಆ ದೊಡ್ಡ ಆಸ್ಪತ್ರೆಗಾಗಿ ಮೀಟಿಂಗಿನಲ್ಲಿ ಓಡಿಸಿದ ದಿನದ್ದು, ನೀನು ಬಿಟ್ಟುಹೋದಾಗ ಹೇಗಿತ್ತೋ ಹಾಗೇ ಇದ್ದದ್ದು. ಓಡಿಸಿದೆ. ರಕ್ತ ಹಸಿರು. ಮೂತ್ರ ಹಸಿರು. ಸಕ್ಕರೆ, ಥೈರಾಯ್ಡ್, ನಿನ್ನವು ಎಲ್ಲವೂ. ಒಂದೂ ಕೆಂಪಿಲ್ಲ ಆಪಾ. ಸ್ಕ್ರೀನ್ ಮುಂದೆ ಕೂತು ನಾನು ಜೋರಾಗಿ ಅತ್ತೆ. ಚೇತನ್ ನೀರು ತಂದು ಕೊಟ್ಟ. ಆ ಲೋಟವನ್ನು ಅವನ ಮುಖಕ್ಕೆ ಎರಚಬೇಕು ಅನ್ನಿಸಿತು. ಎರಚಲಿಲ್ಲ, ಕುಡಿದೆ. ಈಗ ಅನ್ನಿಸುತ್ತದೆ, ಎರಚಬೇಕಿತ್ತು.

ಸತೀಶ್ ಸರ್ ಅವರನ್ನು ಕೈ ಹಿಡಿದು ಎಳೆದು ತರುವುದೊಂದು ಬಾಕಿ, ಹಾಗೆ ಕರೆತಂದು ತೋರಿಸಿದೆ. ಹಳೆಯ ಟೂಲ್ ಓಡಿಸಿದೆ, ಕೆಂಪು. ಹೊಸದು ಓಡಿಸಿದೆ, ಹಸಿರು. ಅರ್ಥವಾಯಿತು ಅವರಿಗೆ, ಮುಖದಲ್ಲೇ ಕಂಡಿತು. ಆಮೇಲೆ ಏನಂದರು ಗೊತ್ತಾ? ‘ಗುಡ್. ಚೇತನ್, ಇದನ್ನ ಟೂಲಿಗೆ ಸೇರಿಸಿಬಿಡು. ಮುಂದಿನ ಕಸ್ಟಮರಿಗೆ ಹೊಸ ವರ್ಷನ್ ಅಂತ ತೋರಿಸೋಣ.’ ನಾನು, ‘ಸರ್, ಶಾಹೀನಾ ಆಪಾ ವಿಷಯ?’ ಅಂದೆ. ‘ಏನ್ ಮಾಡಕ್ಕಾಗುತ್ತೆ ಹೇಳು?’ ಅಂದರು. ‘ಅವರ ತಂದೆ ಇದ್ದಾರೆ. ಭದ್ರಾವತಿಗೆ ಹೋಗಿ ಒಂದು ಮಾತು ಹೇಳಿ. ಮಗಳದ್ದು ತಪ್ಪಿರಲಿಲ್ಲ ಅಂತ. ಅಷ್ಟೇ’ ಅಂದೆ. ಅವರು ವಾಚು ನೋಡಿಕೊಂಡರು. ‘ಹಳೇ ಗಾಯ ಕೆದಕಬಾರದಮ್ಮ’ ಅಂದರು. ಯಾರ ಗಾಯ? ಅವರಿಗೆ ಎಲ್ಲಿ ಆಗಿತ್ತು ಗಾಯ?

ಆ ಸಂಜೆ ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ನಾನೇ ಬರೆದೆ. ಶಾಹೀನಾ ಆಪಾ ಬರೆದ ಎಲ್ಲ ಮಾಡ್ಯೂಲುಗಳೂ ಸರಿ ಇದ್ದವು, ತಪ್ಪಿದ್ದದ್ದು ಟೂಲಿನಲ್ಲಿ, ಅವರು ಅದನ್ನು ಅವತ್ತೇ ಹೇಳಿದ್ದರು ಅಂತ. ಯಾರೋ ಒಬ್ಬರು ಹೆಬ್ಬೆರಳು ಒತ್ತಿದರು. ಯಾರು ಅಂತ ನೋಡುವಷ್ಟರಲ್ಲಿ ಮೆಸೇಜೇ ಮಾಯ. ಅಡ್ಮಿನ್ ಅಳಿಸಿದ್ದರು. ಮುಂದಿನ ಸೋಮವಾರ ಮೀಟಿಂಗಿನಲ್ಲಿ ಚೇತನ್‌ಗೆ ಚಪ್ಪಾಳೆ ಬಿತ್ತು, ಟೂಲ್ ಇನ್ನೂ ಚುರುಕಾಗಿದೆ ಅಂತ. ನಾನು ಕೈ ಕಟ್ಟಿಕೊಂಡು ಕೂತಿದ್ದೆ. ಕೆಲಸ ಬಿಡುತ್ತಾಳೆ ಅಂತ ಅವರೆಲ್ಲ ಕಾಯುತ್ತಿದ್ದಾರೆ. ಬಿಡುವುದಿಲ್ಲ. ದಿನಾ ಬೆಳಿಗ್ಗೆ ಹೋಗಿ ಅವರ ಕಣ್ಣಿಗೆ ನೇರವಾಗಿ ಕಾಣುವ ಹಾಗೆ ಕೂರುತ್ತೇನೆ. ಹೊಸಬರು ಯಾರೇ ಬಂದು ಆ ಟೂಲ್ ಬಗ್ಗೆ ಕೇಳಿದರೂ ನಿನ್ನ ಕಥೆಯನ್ನು ಅವರೆದುರೇ, ದನಿ ತಗ್ಗಿಸದೆ ಹೇಳುತ್ತೇನೆ. ಇದು ನನ್ನ ಮಾತು.

ಹೋದ ಭಾನುವಾರ ಭದ್ರಾವತಿಗೆ ಹೋದೆ. ಅಬ್ಬಾ ಕೆಲಸ ಮಾಡುವ ಲಾರಿ ಗ್ಯಾರೇಜಿಗೆ ರಜೆ. ಅಬ್ಬಾ ಅಂಗಳದಲ್ಲಿ ಕೂತು ಉಗುರಿನ ಸಂದಿಯ ಗ್ರೀಸು ತೆಗೆಯುತ್ತಿದ್ದರು. ‘ಅಬ್ಬಾ, ನಿಮ್ಮ ಪ್ರಶ್ನೆಗೆ ಉತ್ತರ ತಂದಿದ್ದೀನಿ. ಆಪಾದು ಏನೂ ತಪ್ಪಿರಲಿಲ್ಲ’ ಅಂದೆ. ಹೋಟೆಲು, ಕರಿ ಹಲಗೆ, ಮೇಲಿನ ಬೋರ್ಡು, ನೀನು ನನಗೆ ಹೇಳಿದ ಹಾಗೇ ಎಲ್ಲ ಹೇಳಿದೆ. ಸಮಾಧಾನ ಆಗುತ್ತದೆ ಅಂತ ಅಂದುಕೊಂಡಿದ್ದೆ. ಎಂಥ ಪೆದ್ದಿ ನಾನು! ಅವರ ಮುಖ ಕಪ್ಪಿಟ್ಟಿತು. ‘ಏನೂ ಇರ್ಲಿಲ್ವಾ? ಸ್ವಲ್ಪಾನೂ?’ ಅಂತ ಮತ್ತೆ ಮತ್ತೆ ಕೇಳಿದರು. ‘ಸ್ವಲ್ಪಾನೂ ಇಲ್ಲ’ ಅಂದೆ. ಸ್ವಲ್ಪವಾದರೂ ಇದ್ದಿದ್ದರೆ ಚೆನ್ನಾಗಿತ್ತು ಅನ್ನುವ ಹಾಗೆ ನೋಡಿದರು ನನ್ನನ್ನು.

ಆಮೇಲೆ ಹೇಳಿದರು. ‘ನಾನೇ ಅವಳನ್ನ ಆಫೀಸಿಗೆ ವಾಪಸ್ ಕರ್ಕೊಂಡು ಹೋಗಿದ್ದೆ ಬೇಟಾ. ಕೆಲಸ ಹೋದ ಮುಂದಿನ ವಾರ. ಅವಳು ಅಬ್ಬಾ ನಂದು ತಪ್ಪಿಲ್ಲ, ತಪ್ಪಿಲ್ಲ ಅಂತಾನೇ ಇದ್ಲು. ನಾನು ಬೈದೆ. ಅಷ್ಟು ದೊಡ್ಡ ಆಫೀಸಿನವರು ಸುಮ್ಮನೆ ಹೇಳ್ತಾರಾ, ಹೋಗಿ ತಪ್ಪಾಯ್ತು ಅನ್ನು, ಕೆಲಸ ಉಳಿಸ್ಕೋ ಅಂದೆ. ನನ್ ಮಾತು ಮೀರೋಳಲ್ಲ ಅವಳು. ಬಸ್ಸಲ್ಲಿ ದಾರೀ ಉದ್ದಕ್ಕೂ ತುಟಿ ಅಲ್ಲಾಡಿಸ್ತಾ ಇದ್ಲು. ಏನಮ್ಮಾ ಅಂದ್ರೆ, ತಪ್ಪಾಯ್ತು ಸರ್ ಅನ್ನೋದು ಅಭ್ಯಾಸ ಮಾಡ್ತಿದೀನಿ ಅಬ್ಬಾ, ಬಾಯಿಗೆ ಬರ್ತಾ ಇಲ್ಲ ಅಂದ್ಲು.’

ನನ್ನ ಆಪಾ. ಒಂದು ಸಾಲನ್ನು ಸುಳ್ಳಾಗಿ ಅಂಟಿಸಲು ಒಪ್ಪದೆ ಕೆಲಸ ಕಳೆದುಕೊಂಡವಳು, ಅಪ್ಪನ ಮುಖ ನೋಡಿ ಅದಕ್ಕಿಂತ ದೊಡ್ಡ ಸುಳ್ಳು ಹೇಳಲು ಹೊರಟಿದ್ದೆಯಾ? ‘ಆಮೇಲೆ?’ ಅಂದೆ. ‘ಕೆಳಗೆ ಬೆಂಚಿನ ಮೇಲೆ ಕೂರಿಸಿದ್ರು. ಒಂದ್ ಹುಡುಗಿ ಬಂದು ಸರ್ ಮೀಟಿಂಗಲ್ಲಿದ್ದಾರೆ ಅಂದ್ಲು. ಸಂಜೆ ತನಕ ಕೂತ್ವಿ. ಅವರು ನಮ್ಮ ಮುಂದೇನೇ ಇಳಿದು ಬಂದು ಕಾರು ಹತ್ಕೊಂಡು ಹೋದ್ರು. ಇವಳು ಎದ್ದು ನಿಂತ್ಲು. ಅವರು ಈ ಕಡೆ ನೋಡಲೇ ಇಲ್ಲ.’ ಆ ಹುಡುಗಿ ರೂಪಾ. ಬೇಕರಿಯಲ್ಲಿ ಎಲ್ಲ ಹೇಳಿದವಳು ಇದೊಂದನ್ನು ನುಂಗಿಕೊಂಡಿದ್ದಳು. ಹಳೇ ಗಾಯ ಕೆದಕಬಾರದು ಅಂತ ಆ ಮನುಷ್ಯ ಹೇಳಿದ್ದು ಯಾಕೆ ಅಂತ ಆಗ ಅರ್ಥವಾಯಿತು. ಅವರು ನಿನ್ನನ್ನು ನೋಡಿದ್ದರು. ಖಂಡಿತ ನೋಡಿದ್ದರು.

ಅಬ್ಬಾ ಅಳಲಿಲ್ಲ. ನನ್ನ ಮೇಲೆ ರೇಗಿದರು. ‘ಈಗ ನನ್ ಹತ್ರ ಬಂದು ಹೇಳ್ತೀಯಲ್ಲ, ಅವಳಿಗೆ ಯಾರು ಹೇಳ್ತಾರೆ? ಅಬ್ಬಾಗೆ ಗೊತ್ತಾಯ್ತು ಅಂತ ಅವಳಿಗೆ ಗೊತ್ತಾಗೋದು ಹೆಂಗೆ?’ ಮತ್ತೆ ಉಗುರಿನ ಗ್ರೀಸು ಕೆರೆಯುತ್ತಾ ಅವರೇ ತಣ್ಣಗಾಗಿ ಹೇಳಿದರು. ‘ನಾನು ಶುಕ್ರವಾರ ಶುಕ್ರವಾರ ಅವಳ ಕಬರ್ ಹತ್ರ ಹೋಗ್ತೀನಿ. ದುವಾ ಮಾಡಿ ಬರ್ತೀನಿ. ಹೇಳೋಣ ಅಂದ್ರೆ ಈ ಕಂಪ್ಯೂಟರ್ ಮಾತೆಲ್ಲ ನನ್ ಬಾಯಲ್ಲಿ ನಿಲ್ಲಲ್ಲ. ಅರ್ಧಂಬರ್ಧ ಹೇಳಿದ್ರೆ ಬೈತಾಳೆ, ಗೊತ್ತಲ್ಲ ನಿನಗೆ ಅವಳ ಬುದ್ಧಿ. ನೀನು ಕನ್ನಡದಲ್ಲಿ ಬರ್ಕೊಡು ಬೇಟಾ. ಎಲ್ಲಾನೂ ಬರಿ. ನನ್ನದೂ ಬರಿ, ಮುಚ್ಚಿಡ್ಬೇಡ. ನಾನು ಅಲ್ಲಿ ನಿಂತು ಓದ್ತೀನಿ.’

ಅದಕ್ಕೇ ಆಪಾ, ಇಷ್ಟು ಬಿಡಿಸಿ ಬಿಡಿಸಿ ಬರೆದದ್ದು. ನಿನಗೆ ಇಂಟರ್‌ಫೇಸು ಅಂದರೇನು ಅಂತ ನಾನು ಹೇಳಬೇಕಾ? ಓದುತ್ತಿರುವ ಅಬ್ಬಾ ಎಲ್ಲೂ ತಡವರಿಸಬಾರದು ಅಂತ. ಅವರ ಕನ್ನಡಕದ ನಂಬರು ಹಳೆಯದು, ಅಕ್ಷರ ದೊಡ್ಡದಾಗಿ ಬರೆದಿದ್ದೇನೆ. ನನ್ನ ಸಿಟ್ಟಿನ ಮಾತುಗಳನ್ನೂ ಅಳಿಸಿಲ್ಲ, ಅವರು ಹಾಗೇ ಓದ್ತೀನಿ ಅಂದಿದ್ದಾರೆ. ನಿನ್ನದು ತಪ್ಪಿರಲಿಲ್ಲ ಅನ್ನುವುದನ್ನು ನಾನು ಹೇಳಬಹುದಿತ್ತು, ಹೇಳಿದೆ. ಆ ಬಸ್ಸಿನ ವಿಷಯಕ್ಕೆ, ಆ ಬೆಂಚಿನ ವಿಷಯಕ್ಕೆ, ನೀನು ದಾರಿಯುದ್ದಕ್ಕೂ ಅಭ್ಯಾಸ ಮಾಡಿದ ಆ ಮಾತು ನಿನಗೇ ಸಲ್ಲಬೇಕು. ಅದನ್ನು ನಾನು ಬರೆಯುವುದಿಲ್ಲ. ಹೇಳಬೇಕಾದ ಬಾಯಿ ನನ್ನದಲ್ಲ.

ಅಬ್ಬಾ, ನನ್ನದು ಇಲ್ಲಿಗೆ ಮುಗಿಯಿತು. ಕಾಗದ ಮಡಚಿ ಜೇಬಿಗೆ ಹಾಕಿಕೊಳ್ಳಿ. ಅವಳು ಕೇಳುತ್ತಿದ್ದಾಳೆ. ಇನ್ನು ನೀವೇ ಹೇಳಿ.